ಹಳ್ಳಿಗಾಗಿ ಕಟ್ಟದ ನಿಲ್ದಾಣ: ಮಿಲ್ಲರ್ಸ್ ಡೇಲ್ ಹುಟ್ಟಿದ್ದು ಮತ್ತು ಮುಚ್ಚಿದ್ದು

ಇಂಗ್ಲೆಂಡಿನ ಡರ್ಬಿಶೈರ್ ಕೌಂಟಿಯಲ್ಲಿ ವೈ ಎಂಬ ಸಣ್ಣ ನದಿಯೊಂದು ಸುಣ್ಣಕಲ್ಲಿನ ಬೆಟ್ಟಗಳನ್ನು ಕೊರೆದುಕೊಂಡು ಹರಿಯುತ್ತದೆ. ಆ ಇಕ್ಕಟ್ಟಾದ ಕಣಿವೆಯ ತಳದಲ್ಲಿ ಮಿಲ್ಲರ್ಸ್ ಡೇಲ್ ಎಂಬ ಊರಿದೆ. ನದಿಯ ಬದಿಯ ರಸ್ತೆಗೆ ಅಂಟಿಕೊಂಡ ಕೆಲವು ಮನೆಗಳು ಮತ್ತು ಒಂದು ಚರ್ಚು ಸೇರಿದರೆ ಊರು ಬಹುಮಟ್ಟಿಗೆ ಮುಗಿಯಿತು. ಇಷ್ಟು ಚಿಕ್ಕ ಊರಿನ ನೆತ್ತಿಯ ಮೇಲೆ, ಬೆಟ್ಟದ ಇಳಿಜಾರನ್ನು ಕಡಿದು ಮಾಡಿದ ಸಮತಟ್ಟಿನಲ್ಲಿ, ಒಂದು ಕಾಲಕ್ಕೆ ಐದು ಪ್ಲಾಟ್‌ಫಾರಂಗಳ ರೈಲು ನಿಲ್ದಾಣವಿತ್ತು. ಲಂಡನ್ನಿನಿಂದ ಮ್ಯಾಂಚೆಸ್ಟರಿಗೆ ಹೋಗುವ ಎಕ್ಸ್‌ಪ್ರೆಸ್ ಗಾಡಿಗಳು ಅದರೊಳಗಿಂದಲೇ ಹಾದುಹೋಗುತ್ತಿದ್ದವು. 1863ರಲ್ಲಿ ತೆರೆದ ಈ ನಿಲ್ದಾಣ 1967ರಲ್ಲಿ ಮುಚ್ಚಿತು.

ಇಂಗ್ಲೆಂಡಿನ ಗ್ರಾಮೀಣ ನಿಲ್ದಾಣಗಳು ಮುಚ್ಚಿದ್ದಕ್ಕೆ ಸಾಮಾನ್ಯವಾಗಿ ಒಂದೇ ಕಾರಣವನ್ನು ಹೇಳುತ್ತಾರೆ: ಹಳ್ಳಿಯ ಜನ ಕಾರು ಮತ್ತು ಬಸ್ಸುಗಳತ್ತ ಹೊರಳಿದರು, ರೈಲು ಖಾಲಿಯಾಯಿತು, ಸರ್ಕಾರ ಬೀಗ ಹಾಕಿತು. ಎಷ್ಟೋ ನಿಲ್ದಾಣಗಳ ಮಟ್ಟಿಗೆ ಈ ಮಾತು ನಿಜವೇ ಆಗಿದೆ. ಮಿಲ್ಲರ್ಸ್ ಡೇಲ್‌ನ ಮಟ್ಟಿಗೆ ಮಾತ್ರ ಇದು ಸಾಲುವುದಿಲ್ಲ, ಏಕೆಂದರೆ ಅದು ಮೊದಲಿನಿಂದಲೂ ಆ ಹಳ್ಳಿಯನ್ನು ನಂಬಿಕೊಂಡು ಬದುಕಿದ ನಿಲ್ದಾಣವಾಗಿರಲಿಲ್ಲ. ಅದನ್ನು ಹುಟ್ಟಿಸಿದ್ದು ಎರಡು ರೈಲ್ವೆ ಕಂಪನಿಗಳ ಪೈಪೋಟಿ ಮತ್ತು ಬೆಟ್ಟಗಳ ಆಕಾರ. ಆ ಪೈಪೋಟಿ ಕೊನೆಗೊಂಡ ಮೇಲೆ ನಿಲ್ದಾಣದ ಆಧಾರವೇ ಕಳಚಿಬಿತ್ತು. ಇದನ್ನು ಅರಿಯಬೇಕಾದರೆ ಹತ್ತೊಂಬತ್ತನೆಯ ಶತಮಾನದ ನಡುವಿಗೆ ಹೋಗಬೇಕು.

ಆಗ ಬ್ರಿಟನ್ನಿನ ರೈಲುಮಾರ್ಗಗಳನ್ನು ಸರ್ಕಾರ ಕಟ್ಟುತ್ತಿರಲಿಲ್ಲ. ಖಾಸಗಿ ಕಂಪನಿಗಳು ಒಂದೊಂದು ಮಾರ್ಗಕ್ಕೂ ಸಂಸತ್ತಿನಿಂದ ಪ್ರತ್ಯೇಕ ಕಾಯ್ದೆಯನ್ನು ಮಾಡಿಸಿಕೊಂಡು, ಷೇರು ಮಾರಿ ಹಣ ಕೂಡಿಸಿ, ಭೂಮಿ ಕೊಂಡು ಹಳಿ ಹಾಕುತ್ತಿದ್ದವು. ಡರ್ಬಿ ನಗರವನ್ನು ಕೇಂದ್ರವಾಗಿಟ್ಟುಕೊಂಡ ಮಿಡ್‌ಲ್ಯಾಂಡ್ ರೈಲ್ವೆ ಕಂಪನಿಗೆ ಹತ್ತಿ ಗಿರಣಿಗಳ ಮಹಾನಗರವಾದ ಮ್ಯಾಂಚೆಸ್ಟರನ್ನು ತನ್ನದೇ ಹಳಿಯ ಮೇಲೆ ಮುಟ್ಟುವ ಆಸೆಯಿತ್ತು. ಅಡ್ಡವಾಗಿ ನಿಂತಿದ್ದದ್ದು ಪೀಕ್ ಡಿಸ್ಟ್ರಿಕ್ಟ್ ಎಂಬ ಬೆಟ್ಟ ಸೀಮೆ ಮತ್ತು ಲಂಡನ್ ಅಂಡ್ ನಾರ್ತ್ ವೆಸ್ಟರ್ನ್ ಎಂಬ ದೊಡ್ಡ ಪ್ರತಿಸ್ಪರ್ಧಿ ಕಂಪನಿ. ಲಂಡನ್ನಿನ ಯೂಸ್ಟನ್ ನಿಲ್ದಾಣದಿಂದ ಮ್ಯಾಂಚೆಸ್ಟರಿಗೆ ಹೋಗುವ ಹಳೆಯ ಮಾರ್ಗ ಆ ಕಂಪನಿಯ ಕೈಯಲ್ಲಿತ್ತು.

ಬೆಟ್ಟಗಳನ್ನು ದಾಟುವ ಮೊದಲ ಪ್ರಯತ್ನ ಅರ್ಧಕ್ಕೇ ನಿಂತಿತು. ಮ್ಯಾಂಚೆಸ್ಟರ್, ಬಕ್ಸ್ಟನ್, ಮ್ಯಾಟ್‌ಲಾಕ್ ಅಂಡ್ ಮಿಡ್‌ಲ್ಯಾಂಡ್ಸ್ ಜಂಕ್ಷನ್ ಎಂಬ ಉದ್ದನೆಯ ಹೆಸರಿನ ಕಂಪನಿಯೊಂದು 1849ರಲ್ಲಿ ಆಂಬರ್‌ಗೇಟ್‌ನಿಂದ ರೋಸ್ಲಿಯವರೆಗೆ ಮಾತ್ರ ಹಳಿ ಹಾಕಿತು. ಹೆಸರಿನಲ್ಲಿದ್ದ ಮ್ಯಾಂಚೆಸ್ಟರ್ ಇನ್ನೂ ಬಲು ದೂರವಿತ್ತು, ಕಂಪನಿಯ ಹಣ ಅಷ್ಟರಲ್ಲೇ ಬರಿದಾಗಿತ್ತು. 1852ರಲ್ಲಿ ಈ ತುಂಡು ಮಾರ್ಗವನ್ನು ಮಿಡ್‌ಲ್ಯಾಂಡ್ ಮತ್ತು ನಾರ್ತ್ ವೆಸ್ಟರ್ನ್ ಕಂಪನಿಗಳೆರಡೂ ಜಂಟಿಯಾಗಿ ಗುತ್ತಿಗೆಗೆ ಪಡೆದವು. ಮಿಡ್‌ಲ್ಯಾಂಡ್‌ಗೆ ಅದು ಮುಂದೆ ಹೋಗುವ ದಾರಿಯಾಗಿ ಬೇಕಿತ್ತು. ನಾರ್ತ್ ವೆಸ್ಟರ್ನ್‌ಗೆ, ಯಾರೂ ಆ ದಾರಿಯಲ್ಲಿ ಮುಂದೆ ಹೋಗದಿದ್ದರೆ ಸಾಕಿತ್ತು. ರೋಸ್ಲಿಯಿಂದಾಚೆಗೆ ಇನ್ನೊಂದು ತೊಡಕಿತ್ತು. ಒಂದು ಕಡೆ ಡೆವನ್‌ಶೈರ್ ಡ್ಯೂಕ್ ಅವರ ಚಾಟ್ಸ್‌ವರ್ತ್ ಅರಮನೆಯ ಉದ್ಯಾನ, ಇನ್ನೊಂದು ಕಡೆ ರಟ್‌ಲೆಂಡ್ ಡ್ಯೂಕ್ ಅವರ ಹ್ಯಾಡನ್ ಹಾಲ್ ಎಂಬ ಹಳೆಯ ಮನೆ. ಕೊನೆಗೆ ಮಾರ್ಗವು ಹ್ಯಾಡನ್ ಹಾಲ್‌ನ ಹಿಂದೆ, ಮನೆಯ ಕಿಟಕಿಗಳಿಗೆ ಕಾಣದಂತೆ, ಸುಮಾರು ಒಂದು ಕಿಲೋಮೀಟರ್ ಉದ್ದದ ಸುರಂಗದೊಳಗೆ ಅಡಗಿಕೊಂಡು ಹೋಗಬೇಕಾಯಿತು.

ಅಲ್ಲಿಂದ ಮುಂದೆ ಕೆಲಸ ವೇಗವಾಗಿ ಸಾಗಿತು. 1862ರಲ್ಲಿ ಬೇಕ್‌ವೆಲ್ ದಾಟಿ ಹ್ಯಾಸಪ್‌ನವರೆಗೆ, 1863ರ ಜೂನ್ 1ರಂದು ಬಕ್ಸ್ಟನ್‌ನವರೆಗೆ ಮಾರ್ಗ ತೆರೆಯಿತು. ಅಂದೇ ಮಿಲ್ಲರ್ಸ್ ಡೇಲ್ ನಿಲ್ದಾಣವೂ ತೆರೆಯಿತು. ಮಾರ್ಗದ ಎಂಜಿನಿಯರ್ ವಿಲಿಯಂ ಹೆನ್ರಿ ಬಾರ್ಲೋ. ಮುಂದೆ ಲಂಡನ್ನಿನ ಸೇಂಟ್ ಪ್ಯಾಂಕ್ರಸ್ ನಿಲ್ದಾಣದ ಮೇಲೆ ಕಂಬಗಳೇ ಇಲ್ಲದ ಆ ಬೃಹತ್ ಕಬ್ಬಿಣದ ಕಮಾನು ಮಾಡನ್ನು ಹೊದಿಸಿದವರೂ ಅವರೇ. ವೈ ನದಿ ಹಾವಿನಂತೆ ಸುತ್ತಿ ಬಳಸಿ ಹರಿಯುವುದರಿಂದ ಹಳಿಯು ನದಿಯ ಜೊತೆ ಸಾಗುವಂತಿರಲಿಲ್ಲ. ಒಂದು ತಿರುವನ್ನು ಸೇತುವೆಯಿಂದ ದಾಟಿ, ಎದುರಿಗೆ ಬರುವ ಬಂಡೆಯನ್ನು ಸುರಂಗದಿಂದ ಸೀಳಿ, ಹೊರಬಂದ ಕೂಡಲೇ ಮತ್ತೆ ನದಿಯನ್ನು ದಾಟಬೇಕಿತ್ತು. ಮಾನ್ಸಲ್ ಎಂಬಲ್ಲಿ ಸುರಂಗದ ಬಾಯಿಯಿಂದ ಗಾಡಿ ನೇರವಾಗಿ ಐದು ಕಮಾನುಗಳ ಕಲ್ಲಿನ ಸೇತುವೆಯ ಮೇಲೆಯೇ ಹೊರಬರುತ್ತಿತ್ತು. ಈ ಸೇತುವೆಯನ್ನು ಕಂಡು ಚಿಂತಕ ಜಾನ್ ರಸ್ಕಿನ್ ಸಿಟ್ಟಾದರು. ಬಕ್ಸ್ಟನ್ನಿನ ಮೂರ್ಖರು ಅರ್ಧ ಗಂಟೆಯಲ್ಲಿ ಬೇಕ್‌ವೆಲ್‌ಗೂ, ಬೇಕ್‌ವೆಲ್‌ನ ಮೂರ್ಖರು ಬಕ್ಸ್ಟನ್‌ಗೂ ಹೋಗಿಬರಲೆಂದು ದೇವತೆಗಳಿಗೆ ಸಲ್ಲುವಂಥ ಕಣಿವೆಯನ್ನು ಹಾಳುಮಾಡಿದರು ಎಂಬುದು ಅವರ ದೂರಾಗಿತ್ತು. ಅದೇ ಸೇತುವೆಯನ್ನು 1970ರಲ್ಲಿ, ಗಾಡಿಗಳು ನಿಂತ ಮೇಲೆ, ಸಂರಕ್ಷಿತ ಕಟ್ಟಡಗಳ ಪಟ್ಟಿಗೆ ಸೇರಿಸಲಾಯಿತು. ನೂರು ವರ್ಷದಲ್ಲಿ ಕಣಿವೆ ಅದನ್ನು ತನ್ನದಾಗಿಸಿಕೊಂಡಿತ್ತು ಎಂದು ನನಗನ್ನಿಸುತ್ತದೆ.

ಪೈಪೋಟಿ ಎಷ್ಟು ಬಿಗಿಯಾಗಿತ್ತು ಎನ್ನುವುದು ಬಕ್ಸ್ಟನ್‌ನಲ್ಲಿ ಕಣ್ಣಿಗೆ ಕಾಣುವಂತಿತ್ತು. ಬಕ್ಸ್ಟನ್ ಬಿಸಿನೀರಿನ ಬುಗ್ಗೆಗಳಿಂದ ಹೆಸರಾದ ಆರೋಗ್ಯಧಾಮ. ಮಿಡ್‌ಲ್ಯಾಂಡ್ ಗಾಡಿಗಳು ಅಲ್ಲಿಗೆ ಪೂರ್ವದಿಂದ ಬಂದ ಅದೇ 1863ರ ಜೂನ್ ತಿಂಗಳಲ್ಲಿ ನಾರ್ತ್ ವೆಸ್ಟರ್ನ್ ಗಾಡಿಗಳು ಸ್ಟಾಕ್‌ಪೋರ್ಟ್ ಕಡೆಯಿಂದ ಬಂದವು. ಎರಡು ಕಂಪನಿಗಳ ಎರಡು ನಿಲ್ದಾಣಗಳು ಅಕ್ಕಪಕ್ಕದಲ್ಲಿ, ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಎದ್ದು ನಿಂತವು. ಎರಡಕ್ಕೂ ಕೊನೆಯ ಗೋಡೆಯಲ್ಲಿ ಬೀಸಣಿಗೆಯಾಕಾರದ ದೊಡ್ಡ ಗಾಜಿನ ಕಿಟಕಿ. ನೋಟಕ್ಕೆ ಅವಳಿ ಮಕ್ಕಳಂತಿದ್ದರೂ ಅವೆರಡರ ನಡುವೆ ಒಡನಾಟವಿರಲಿಲ್ಲ. ಬಕ್ಸ್ಟನ್‌ನಿಂದ ಮ್ಯಾಂಚೆಸ್ಟರ್ ಕಡೆಗೆ ಹೋಗುವ ದಾರಿಯನ್ನು ನಾರ್ತ್ ವೆಸ್ಟರ್ನ್ ಹಿಡಿದು ಕೂತದ್ದರಿಂದ ಮಿಡ್‌ಲ್ಯಾಂಡ್ ಕಂಪನಿ ಬಕ್ಸ್ಟನ್ನನ್ನೇ ಪಕ್ಕಕ್ಕೆ ಬಿಟ್ಟು ಹೊಸ ದಾರಿ ಹುಡುಕಬೇಕಾಯಿತು.

ಮಿಲ್ಲರ್ಸ್ ಡೇಲ್‌ನ ಹಣೆಬರಹ ಬದಲಾದದ್ದು ಇಲ್ಲಿ. ನಿಲ್ದಾಣದಿಂದ ಸ್ವಲ್ಪ ಮುಂದೆ ಮಾರ್ಗವು ಕವಲೊಡೆಯಿತು. ಒಂದು ಕವಲು ಬಕ್ಸ್ಟನ್‌ಗೆ ಹೋಯಿತು. ಇನ್ನೊಂದು ಉತ್ತರಕ್ಕೆ ತಿರುಗಿ, ಬೆಟ್ಟ ಹತ್ತಿ, ಡವ್ ಹೋಲ್ಸ್ ಎಂಬಲ್ಲಿ ಸುಮಾರು 2.7 ಕಿಲೋಮೀಟರ್ ಉದ್ದದ ಸುರಂಗವನ್ನು ಹೊಕ್ಕು, ನ್ಯೂ ಮಿಲ್ಸ್ ಬಳಿ ಮತ್ತೊಂದು ಕಂಪನಿಯ ಹಳಿಯನ್ನು ಕೂಡಿ ಮ್ಯಾಂಚೆಸ್ಟರ್ ಸೇರಿತು. ಈ ಉತ್ತರದ ಕವಲಿನಲ್ಲಿ 1867ರ ಫೆಬ್ರವರಿಯಿಂದ ಪ್ರಯಾಣಿಕರ ಗಾಡಿಗಳು ಓಡಿದವು. ಮರುವರ್ಷ ಸೇಂಟ್ ಪ್ಯಾಂಕ್ರಸ್ ತೆರೆದ ಮೇಲೆ ಮಿಡ್‌ಲ್ಯಾಂಡ್ ಕಂಪನಿಗೆ ಲಂಡನ್ನಿನಿಂದ ಮ್ಯಾಂಚೆಸ್ಟರಿನವರೆಗೂ ತನ್ನದೇ ಆದ ಸೇವೆ ದಕ್ಕಿತು. ಬೇಕಿದ್ದ ಊರಾದ ಬಕ್ಸ್ಟನ್ ಕವಲಿನ ತುದಿಗೆ ಸರಿಯಿತು, ಯಾರೂ ಎಣಿಸದಿದ್ದ ಮಿಲ್ಲರ್ಸ್ ಡೇಲ್ ಜಂಕ್ಷನ್ ಆಯಿತು.

ಜಂಕ್ಷನ್ ಎಂದರೆ ಏನೆಂಬುದನ್ನು ಹತ್ತಿರದಿಂದ ನೋಡಬೇಕು. ಲಂಡನ್ ಅಥವಾ ಡರ್ಬಿಯಿಂದ ಬಕ್ಸ್ಟನ್‌ಗೆ ಹೊರಟವರು ಇಲ್ಲಿ ಇಳಿದು, ಪೆಟ್ಟಿಗೆಗಳನ್ನು ಇಳಿಸಿಕೊಂಡು, ಕಾಯುತ್ತ ನಿಂತಿರುವ ಚಿಕ್ಕ ಗಾಡಿಗೆ ಹತ್ತಬೇಕು. ಕೆಲವು ಗಾಡಿಗಳಲ್ಲಿ ಬಕ್ಸ್ಟನ್‌ಗೆ ನೇರ ಹೋಗುವ ಬೋಗಿಗಳಿರುತ್ತಿದ್ದವು. ಅವನ್ನು ಇಲ್ಲಿ ಕಳಚಿ ಬೇರೆ ಎಂಜಿನ್‌ಗೆ ಜೋಡಿಸುತ್ತಿದ್ದರು. ಐದಾರು ಮೈಲಿಯ ಆ ಕವಲಿನಲ್ಲಿ ಓಡುತ್ತಿದ್ದ ಷಟಲ್ ಗಾಡಿಯ ಎಂಜಿನ್ ಹೋಗುವಾಗ ಬೋಗಿಗಳನ್ನು ಎಳೆದರೆ ಬರುವಾಗ ತಳ್ಳುತ್ತಿತ್ತು. ತಳ್ಳುವಾಗ ಚಾಲಕ ಎದುರಿನ ಬೋಗಿಯ ತುದಿಯ ಚಿಕ್ಕ ಕೋಣೆಯಲ್ಲಿ ನಿಂತು ಹಳಿ ನೋಡಿಕೊಂಡು ಗಾಡಿ ನಡೆಸುತ್ತಿದ್ದ. ಕಲ್ಲಿದ್ದಲು ಹಾಕುವವನೊಬ್ಬ ಹಿಂದೆ ಎಂಜಿನ್‌ನಲ್ಲೇ ಉಳಿಯುತ್ತಿದ್ದ. ಪ್ರತಿ ಸಲವೂ ಎಂಜಿನ್ನನ್ನು ಬಿಚ್ಚಿ, ಸುತ್ತು ಹಾಕಿಸಿ, ಇನ್ನೊಂದು ತುದಿಗೆ ಕಟ್ಟುವ ಕೆಲಸ ಇದರಿಂದ ಉಳಿಯುತ್ತಿತ್ತು.

ನಿಲ್ದಾಣದ ಪ್ಲಾಟ್‌ಫಾರಂ ಮೇಲೆಯೇ ಅಂಚೆ ಕಚೇರಿಯಿತ್ತು. 1889ರಲ್ಲಿ ನಿಲ್ದಾಣದ ಹೆಸರನ್ನು ‘ಟೈಡ್ಸ್‌ವೆಲ್‌ಗಾಗಿ ಮಿಲ್ಲರ್ಸ್ ಡೇಲ್’ ಎಂಬ ಅರ್ಥ ಬರುವಂತೆ ಬದಲಿಸಿದರು. ಟೈಡ್ಸ್‌ವೆಲ್ ಎನ್ನುವುದು ಕಣಿವೆಯ ಮೇಲಿನ ಬಯಲಿನಲ್ಲಿ ಸುಮಾರು ಎರಡು ಮೈಲಿ ದೂರದಲ್ಲಿರುವ ದೊಡ್ಡ ಊರು. ನಿಲ್ದಾಣ ತನ್ನ ಹೆಸರಿನಲ್ಲೇ ತಾನು ಇನ್ನೊಂದು ಊರಿನದೆಂದು ಸಾರುತ್ತಿತ್ತು. ರೈಲು ಕಣಿವೆಯ ತಳ ಬಿಟ್ಟು ಮೇಲೇರಲಾರದು, ಊರು ಬಯಲು ಬಿಟ್ಟು ಕೆಳಗಿಳಿಯದು. ಇಂಗ್ಲೆಂಡಿನ ಬೆಟ್ಟ ಸೀಮೆಯ ಎಷ್ಟೋ ನಿಲ್ದಾಣಗಳು ತಾವು ಹೆಸರು ಹೊತ್ತ ಊರಿನಿಂದ ದೂರವಿದ್ದದ್ದಕ್ಕೆ ಇದೇ ಕಾರಣ. ಮುಂದೆ ಬಸ್ಸುಗಳು ಊರಿನ ನಡುವಿನಿಂದಲೇ ಹೊರಡತೊಡಗಿದಾಗ ಈ ದೂರವೇ ರೈಲಿಗೆ ಮುಳುವಾಯಿತು.

ಜನರಿಗಿಂತ ಹೆಚ್ಚಿನ ಭಾರವನ್ನು ಈ ಕಣಿವೆಯಿಂದ ರೈಲು ಹೊತ್ತದ್ದು ಕಲ್ಲು ಮತ್ತು ಸುಣ್ಣದ ರೂಪದಲ್ಲಿ. 1880ರ ಹೊತ್ತಿಗೆ ನಿಲ್ದಾಣದ ಆಚೀಚೆ ಗಣಿಗಳು ತೆರೆದು, ಹಳಿಯ ಮಗ್ಗುಲಿಗೇ ಭಾರಿ ಸುಣ್ಣದ ಭಟ್ಟಿಗಳು ಎದ್ದವು. ಮೇಲಿನ ಬಾಯಿಂದ ಸುಣ್ಣಕಲ್ಲನ್ನೂ ಕಲ್ಲಿದ್ದಲನ್ನೂ ಪದರ ಪದರವಾಗಿ ಸುರಿದು ಸುಟ್ಟರೆ, ತಳದ ಬಾಯಿಂದ ಸುಟ್ಟ ಸುಣ್ಣವನ್ನು ಎಳೆದು ನೇರವಾಗಿ ವ್ಯಾಗನ್‌ಗಳಿಗೆ ತುಂಬಬಹುದಿತ್ತು. ನೀರು ಸೋಕಿದರೆ ಸುಟ್ಟ ಸುಣ್ಣ ಕುದಿದು ಅರಳುವುದು ನಮಗೂ ಗೊತ್ತಿರುವ ಸಂಗತಿ. ಮಳೆಯ ಆ ಸೀಮೆಯಲ್ಲಿ ಅದನ್ನು ಒಣದಾಗಿ ಸಾಗಿಸುವುದೇ ಒಂದು ಎಚ್ಚರದ ಕೆಲಸವಾಗಿತ್ತು. ಕೃಷಿಗೂ ಉಕ್ಕಿನ ಕುಲುಮೆಗಳಿಗೂ ರಾಸಾಯನಿಕ ಕಾರ್ಖಾನೆಗಳಿಗೂ ಈ ಸುಣ್ಣ ಬೇಕಿತ್ತು. ಜೊತೆಗೆ ಸುತ್ತಲಿನ ಹೊಲಮನೆಗಳಿಂದ ಹಾಲಿನ ಕ್ಯಾನುಗಳು ಬರುತ್ತಿದ್ದವು. ದಟ್ಟಣೆ ಹೆಚ್ಚಿದ್ದರಿಂದ 1905ರಲ್ಲಿ ಹಳೆಯ ಕಬ್ಬಿಣದ ಸೇತುವೆಯ ಪಕ್ಕದಲ್ಲೇ ಉಕ್ಕಿನ ಎರಡನೆಯ ಸೇತುವೆಯನ್ನು ಕಟ್ಟಿದರು. ಇಂದಿಗೂ ಕೆಳಗಿನ ರಸ್ತೆಯಲ್ಲಿ ನಿಂತು ತಲೆಯೆತ್ತಿದರೆ ಎರಡು ಸೇತುವೆಗಳು ಹೆಗಲಿಗೆ ಹೆಗಲು ಕೊಟ್ಟು ನಿಂತಿರುವುದು ಕಾಣುತ್ತದೆ.

ಇಂಥ ನಿಲ್ದಾಣದ ಬುಡ ಸಡಿಲವಾಗತೊಡಗಿದ್ದು 1923ರಲ್ಲಿ, ಅದೂ ಯಾರ ಗಮನಕ್ಕೂ ಅಷ್ಟಾಗಿ ಬಾರದ ಹಾಗೆ. ಸಂಸತ್ತಿನ ಕಾಯ್ದೆಯಂತೆ ಬ್ರಿಟನ್ನಿನ ಬಹುತೇಕ ರೈಲ್ವೆ ಕಂಪನಿಗಳು ಆ ವರ್ಷ ನಾಲ್ಕು ದೊಡ್ಡ ಕಂಪನಿಗಳಲ್ಲಿ ವಿಲೀನವಾದವು. ಮಿಡ್‌ಲ್ಯಾಂಡ್ ಮತ್ತು ನಾರ್ತ್ ವೆಸ್ಟರ್ನ್ ಎರಡೂ ಒಂದೇ ಕಂಪನಿಯ ಪಾಲಾದವು. ಅರವತ್ತು ವರ್ಷ ಒಬ್ಬರ ದಾರಿಗೆ ಒಬ್ಬರು ಅಡ್ಡ ನಿಂತವರು ಒಂದೇ ಸೂರಿನಡಿ ಬಂದರು. ಲಂಡನ್–ಮ್ಯಾಂಚೆಸ್ಟರ್ ನಡುವೆ ಅದೇ ಕಂಪನಿಗೆ ಈಗ ಎರಡು ಮಾರ್ಗಗಳು; ಬಕ್ಸ್ಟನ್‌ನಲ್ಲಿ ಎರಡು ನಿಲ್ದಾಣಗಳು. 1948ರಲ್ಲಿ ರೈಲ್ವೆಗಳು ರಾಷ್ಟ್ರೀಕರಣಗೊಂಡಾಗ ಈ ಜೋಡಿ ಆಸ್ತಿ ಸರ್ಕಾರದ ಲೆಕ್ಕಕ್ಕೆ ಬಂತು. ಪೈಪೋಟಿ ಇದ್ದಾಗ ಎರಡನೆಯ ಮಾರ್ಗ ಒಂದು ಅಸ್ತ್ರವಾಗಿತ್ತು, ಒಡೆತನ ಒಂದಾದ ಮೇಲೆ ಅದು ಹೆಚ್ಚುವರಿ ಖರ್ಚು. ನನ್ನ ದೃಷ್ಟಿಯಲ್ಲಿ ಮಿಲ್ಲರ್ಸ್ ಡೇಲ್‌ನ ಅಂತ್ಯವನ್ನು ವಿವರಿಸುವ ಮುಖ್ಯ ಸಂಗತಿ ಇದೇ. 1960ರ ದಶಕದ ನಿರ್ಧಾರಗಳು ಇದರ ಹಿಂದೆ ಬಂದ ಪರಿಣಾಮಗಳು.

ಅಂತ್ಯಕ್ಕೆ ಮುನ್ನ ಮಾರ್ಗಕ್ಕೆ ಕೊನೆಯದೊಂದು ವೈಭವದ ಕಾಲ ಬಂತು. ಯೂಸ್ಟನ್ ಮಾರ್ಗವನ್ನು ವಿದ್ಯುದೀಕರಣಗೊಳಿಸುವ ಕಾಮಗಾರಿ ನಡೆಯುತ್ತಿದ್ದ ವರ್ಷಗಳಲ್ಲಿ ಅಲ್ಲಿನ ಗಾಡಿಗಳಿಗೆ ಅಡಚಣೆಯಾಗುತ್ತಿದ್ದರಿಂದ ಲಂಡನ್–ಮ್ಯಾಂಚೆಸ್ಟರ್ ಪ್ರಯಾಣಿಕರ ಒಂದು ಭಾಗವನ್ನು ಬೆಟ್ಟದ ಮಾರ್ಗಕ್ಕೆ ತಿರುಗಿಸಬೇಕಾಯಿತು. 1960ರ ಜುಲೈ 4ರಂದು ಮಿಡ್‌ಲ್ಯಾಂಡ್ ಪುಲ್‌ಮನ್ ಎಂಬ ನೀಲಿ ಬಣ್ಣದ ಡೀಸೆಲ್ ಗಾಡಿ ಓಡಾಟ ಆರಂಭಿಸಿತು. ಆರು ಬೋಗಿಗಳು, ಎಲ್ಲವೂ ಮೊದಲ ದರ್ಜೆ, ಕೂತಲ್ಲಿಗೇ ಊಟ. ಮ್ಯಾಂಚೆಸ್ಟರಿನಿಂದ ಸೇಂಟ್ ಪ್ಯಾಂಕ್ರಸ್‌ಗೆ ಮೂರು ಗಂಟೆ ಹತ್ತು ನಿಮಿಷದ ಆಸುಪಾಸಿನ ಪ್ರಯಾಣ. ಅದು ಮಿಲ್ಲರ್ಸ್ ಡೇಲ್‌ನಲ್ಲಿ ನಿಲ್ಲದೆ ಹಾದುಹೋಗುತ್ತಿತ್ತು. 1966ರ ಏಪ್ರಿಲ್‌ನಲ್ಲಿ ಯೂಸ್ಟನ್ನಿನಿಂದ ಮ್ಯಾಂಚೆಸ್ಟರಿಗೆ ಪೂರ್ಣ ಪ್ರಮಾಣದ ವಿದ್ಯುತ್ ಗಾಡಿಗಳು ಮೂರು ಗಂಟೆಗಿಂತ ಸಾಕಷ್ಟು ಕಡಿಮೆ ಅವಧಿಯಲ್ಲಿ ಓಡತೊಡಗಿದವು. ಅದೇ ತಿಂಗಳು ಪುಲ್‌ಮನ್ ನಿಂತಿತು. ಸುರಂಗದಿಂದ ಸುರಂಗಕ್ಕೆ ತಿರುಗುತ್ತ, 90 ಅಡಿಗೆ ಒಂದು ಅಡಿಯಂತೆ ಬೆಟ್ಟ ಹತ್ತುವ ಹಳಿಗೆ ಆ ವೇಗದ ಜೊತೆ ಸೆಣಸುವ ಶಕ್ತಿ ಇರಲಿಲ್ಲ.

ಇದೇ ಹೊತ್ತಿಗೆ ದೇಶದಾದ್ಯಂತ ಮುಚ್ಚುವಿಕೆಯ ಅಲೆಯೆದ್ದಿತ್ತು. ಬ್ರಿಟಿಷ್ ರೈಲ್ವೆ ಮಂಡಳಿಯ ಅಧ್ಯಕ್ಷ ರಿಚರ್ಡ್ ಬೀಚಿಂಗ್ ಅವರ ವರದಿ 1963ರ ಮಾರ್ಚ್ 27ರಂದು ಹೊರಬಂತು. ಒಟ್ಟು ಮಾರ್ಗದ ಮೂರನೆಯ ಒಂದು ಭಾಗದಲ್ಲಿ ಪ್ರಯಾಣಿಕ ಸಂಚಾರದ ಶೇಕಡಾ 1 ಮಾತ್ರ ನಡೆಯುತ್ತದೆ, ಅರ್ಧದಷ್ಟು ನಿಲ್ದಾಣಗಳು ಸೇರಿ ಪ್ರಯಾಣಿಕ ವರಮಾನದ ಶೇಕಡಾ 2ರಷ್ಟನ್ನು ಮಾತ್ರ ತರುತ್ತವೆ ಎಂದು ಅದು ಲೆಕ್ಕ ತೋರಿಸಿತು. 2,363 ನಿಲ್ದಾಣಗಳನ್ನು ಮುಚ್ಚಬೇಕೆಂದು ಶಿಫಾರಸು ಮಾಡಿತು. ನಷ್ಟ ನಿಜವಾಗಿತ್ತು, ಅದನ್ನು ಅಲ್ಲಗಳೆಯಲಾಗದು. ಆದರೆ ಎಣಿಸಿದ ರೀತಿಯಲ್ಲಿ ಗ್ರಾಮೀಣ ನಿಲ್ದಾಣಗಳಿಗೆ ಅನ್ಯಾಯವಾಗುವಂಥ ಎರಡು ಅಂಶಗಳಿದ್ದವು. ಸಂಚಾರದ ಸಮೀಕ್ಷೆ ನಡೆದದ್ದು 1961ರ ಏಪ್ರಿಲ್ 23ಕ್ಕೆ ಮುಗಿದ ಒಂದೇ ವಾರದಲ್ಲಿ. ಬೇಸಿಗೆಯ ರಜೆಗೆ ಬರುವ ಜನ ಆ ವಾರದಲ್ಲಿ ಕಾಣುವಂತಿರಲಿಲ್ಲ. ಎರಡನೆಯದಾಗಿ, ಟಿಕೆಟ್ಟಿನ ಹಣ ಅದನ್ನು ಮಾರಿದ ನಿಲ್ದಾಣದ ಖಾತೆಗೆ ಹೋಗುತ್ತಿತ್ತು. ಪೀಕ್ ಡಿಸ್ಟ್ರಿಕ್ಟ್ 1951ರಲ್ಲೇ ಬ್ರಿಟನ್ನಿನ ಮೊದಲ ರಾಷ್ಟ್ರೀಯ ಉದ್ಯಾನವಾಗಿತ್ತು. ಮ್ಯಾಂಚೆಸ್ಟರಿನ ಕುಟುಂಬವೊಂದು ಭಾನುವಾರ ಬೆಟ್ಟ ಸುತ್ತಲು ಹೋಗಿ-ಬರುವ ಟಿಕೆಟ್ ಕೊಂಡು ಇಂಥ ನಿಲ್ದಾಣದಲ್ಲಿ ಇಳಿದರೆ ಆ ಹಣ ಮ್ಯಾಂಚೆಸ್ಟರಿನ ಗಳಿಕೆಯಾಗಿ ಕಾಣುತ್ತಿತ್ತು, ಬೆಟ್ಟದ ನಿಲ್ದಾಣದ ಪಾಲಿಗೆ ಅದರ ಸಿಬ್ಬಂದಿಯ ಸಂಬಳವಷ್ಟೇ ಕಾಣುತ್ತಿತ್ತು.

ಮುಚ್ಚುವ ವಿಧಾನವನ್ನೂ ತಿಳಿದುಕೊಳ್ಳಬೇಕು. 1962ರ ಸಾರಿಗೆ ಕಾಯ್ದೆಯ ಪ್ರಕಾರ ರೈಲ್ವೆ ಮಂಡಳಿ ಮೊದಲು ಪ್ರಕಟಣೆ ಹೊರಡಿಸುತ್ತಿತ್ತು. ಆರು ವಾರದೊಳಗೆ ಪ್ರಯಾಣಿಕರು ಬಳಕೆದಾರರ ಸಲಹಾ ಸಮಿತಿಗೆ ಆಕ್ಷೇಪಣೆ ಸಲ್ಲಿಸಬಹುದಿತ್ತು. ಆಕ್ಷೇಪಣೆ ಬಂದರೆ ಸಮಿತಿ ವಿಚಾರಣೆ ನಡೆಸಿ ಸಾರಿಗೆ ಮಂತ್ರಿಗೆ ವರದಿ ಕೊಡುವವರೆಗೂ, ಮಂತ್ರಿ ಒಪ್ಪುವವರೆಗೂ ಮುಚ್ಚುವಂತಿರಲಿಲ್ಲ. ಮೇಲ್ನೋಟಕ್ಕೆ ಇದು ಜನರ ಮಾತಿಗೆ ಕಿವಿಗೊಡುವ ಏರ್ಪಾಡು. ಆದರೆ ಸಮಿತಿ ಪರಿಶೀಲಿಸಬಹುದಾಗಿದ್ದದ್ದು ಪ್ರಯಾಣಿಕರಿಗೆ ಆಗುವ ತೊಂದರೆಯನ್ನು ಮಾತ್ರ. ಮಂಡಳಿ ಮುಂದಿಟ್ಟ ನಷ್ಟದ ಲೆಕ್ಕ ಸರಿಯೇ ತಪ್ಪೇ ಎಂದು ಕೇಳುವ ಅಧಿಕಾರ ಅದಕ್ಕಿರಲಿಲ್ಲ. ಯಾವ ಅಂಕಿಗಳ ಮೇಲೆ ತೀರ್ಮಾನ ನಿಂತಿತ್ತೋ ಆ ಅಂಕಿಗಳನ್ನೇ ಪ್ರಶ್ನಿಸಲಾಗದ ವಿಚಾರಣೆಯಲ್ಲಿ ಊರಿನವರು ತಮ್ಮ ಕಷ್ಟ ಹೇಳಿಕೊಂಡು ಮನೆಗೆ ಮರಳಬೇಕಿತ್ತು. ಈ ಏರ್ಪಾಡನ್ನು ನ್ಯಾಯವೆಂದು ಒಪ್ಪಲು ನನಗೆ ಮನಸ್ಸಾಗುವುದಿಲ್ಲ.

ಮಿಲ್ಲರ್ಸ್ ಡೇಲ್ 1967ರ ಮಾರ್ಚ್ 6ರಂದು ಮುಚ್ಚಿತು. ಅದೊಂದು ಸೋಮವಾರ. ಬ್ರಿಟನ್ನಿನಲ್ಲಿ ಮುಚ್ಚಿದ ದಿನಾಂಕವೆಂದರೆ ಗಾಡಿ ಇಲ್ಲದ ಮೊದಲ ದಿನ. ಕೊನೆಯ ಗಾಡಿ ಅದಕ್ಕೂ ಮುನ್ನವೇ ಹೋಗಿರುತ್ತದೆ. ಬೇಕ್‌ವೆಲ್ ಮುಂತಾದ ನಿಲ್ದಾಣಗಳೂ ಬಕ್ಸ್ಟನ್‌ನ ಮಿಡ್‌ಲ್ಯಾಂಡ್ ನಿಲ್ದಾಣವೂ ಜೊತೆಗೇ ಮುಚ್ಚಿದವು. ಕವಲೇ ಹೋದ ಮೇಲೆ ಗಾಡಿ ಬದಲಿಸುವವರೂ ಇಲ್ಲವಾದರು. ಆದರೆ ಹಳಿ ಇನ್ನೂ ಉಳಿದಿತ್ತು. ಮತ್ತೆ ಹದಿನಾರು ತಿಂಗಳ ಕಾಲ ಎಕ್ಸ್‌ಪ್ರೆಸ್ ಗಾಡಿಗಳು ಆ ಖಾಲಿ ಪ್ಲಾಟ್‌ಫಾರಂಗಳ ನಡುವೆ ನಿಲ್ಲದೆ ಓಡಿದವು. 1968ರ ಜುಲೈ 1ರಿಂದ ಅವೂ ನಿಂತವು, ಮ್ಯಾಟ್‌ಲಾಕ್‌ನಿಂದಾಚೆ ಕಣಿವೆಯ ಮಾರ್ಗ ಪೂರ್ತಿಯಾಗಿ ಮುಚ್ಚಿತು. ಬೀಚಿಂಗ್ 1965ರಲ್ಲೇ ರೈಲ್ವೆಯನ್ನು ಬಿಟ್ಟಿದ್ದರು ಎಂಬುದನ್ನು ಇಲ್ಲಿ ನೆನೆಯಬೇಕು. ದೊಡ್ಡ ಪ್ರಮಾಣದ ಮುಚ್ಚುವಿಕೆಯನ್ನು ತಡೆಯುತ್ತೇವೆಂದು ಹೇಳಿ 1964ರಲ್ಲಿ ಅಧಿಕಾರಕ್ಕೆ ಬಂದ ಲೇಬರ್ ಸರ್ಕಾರದ ಅವಧಿಯಲ್ಲೇ ಇದೆಲ್ಲ ನಡೆಯಿತು. ಬೀಚಿಂಗ್ ವರದಿಯು ಮುಚ್ಚಲು ಸೂಚಿಸಿದ್ದ, ಮ್ಯಾಂಚೆಸ್ಟರ್–ಶೆಫೀಲ್ಡ್ ನಡುವಿನ ಹೋಪ್ ವ್ಯಾಲಿ ಮಾರ್ಗ ಮಾತ್ರ ಉಳಿದುಕೊಂಡು ಇಂದಿಗೂ ನಡೆಯುತ್ತಿದೆ. ಒಬ್ಬ ವ್ಯಕ್ತಿಯ ಹೆಸರಿನಡಿ ಎಲ್ಲವನ್ನೂ ತುರುಕಿದರೆ ಈ ವಿವರಗಳು ಕಾಣದೆ ಹೋಗುತ್ತವೆ.

ಹಳಿಗಳನ್ನು ಕಿತ್ತ ಮೇಲೆ ಉಳಿದ ದಾರಿಯನ್ನು ರಾಷ್ಟ್ರೀಯ ಉದ್ಯಾನದ ಮಂಡಳಿ ಪಡೆದುಕೊಂಡು 1981ರಲ್ಲಿ ಮಾನ್ಸಲ್ ಟ್ರೇಲ್ ಎಂಬ ಕಾಲುದಾರಿಯಾಗಿ ತೆರೆಯಿತು. ಸುರಂಗಗಳು ಅಪಾಯಕಾರಿಯೆಂದು ಮುಚ್ಚಿದ್ದರಿಂದ ನಡೆಯುವವರು ಅವುಗಳ ಬಳಿ ದಾರಿ ಬಿಟ್ಟಿಳಿದು ಕಲ್ಲುಮುಳ್ಳಿನ ಕಾಲುದಾರಿಯಲ್ಲಿ ಸುತ್ತಿಕೊಂಡು ಹೋಗಬೇಕಿತ್ತು. 2011ರ ಮೇ ತಿಂಗಳಲ್ಲಿ, ತಲಾ ಸುಮಾರು 400 ಮೀಟರ್ ಉದ್ದದ ನಾಲ್ಕು ಸುರಂಗಗಳನ್ನು ದುರಸ್ತಿ ಮಾಡಿ, ದೀಪ ಹಾಕಿ ತೆರೆದರು. ಈಗ ಎಂಟೂವರೆ ಮೈಲಿಯ ದಾರಿ ತಡೆಯಿಲ್ಲದೆ ಸಾಗುತ್ತದೆ. ಕಾಲುನಡಿಗೆಯವರು, ಸೈಕಲ್ಲಿನವರು, ಕುದುರೆ ಸವಾರರು, ಗಾಲಿಕುರ್ಚಿಯವರು ಎಲ್ಲರೂ ಬರುತ್ತಾರೆ. ಎಂಜಿನ್ ಹತ್ತಬಲ್ಲಷ್ಟು ಮೆಲ್ಲಗಿನ ಏರು ಗಾಲಿಕುರ್ಚಿಗೂ ಹಗುರವಾಗಿದೆ. ಮಿಲ್ಲರ್ಸ್ ಡೇಲ್‌ನ ನಿಲ್ದಾಣದ ಕಟ್ಟಡ ಉಳಿದಿದೆ, ಅದರಲ್ಲಿ ಉಪಾಹಾರ ಗೃಹ ನಡೆಯುತ್ತದೆ. ಪ್ಲಾಟ್‌ಫಾರಂಗಳ ಅಂಚಿನ ಕಲ್ಲುಗಳು ಹಾಗೆಯೇ ಇವೆ. ಹಳಿ ಇದ್ದ ಜಾಗದಲ್ಲಿ ಸೈಕಲ್ಲುಗಳು ಹೋಗುತ್ತವೆ.

ಮಾರ್ಗವನ್ನು ಮರಳಿ ತೆರೆಯಬೇಕೆಂದು 1970ರ ದಶಕದಿಂದಲೂ ಒತ್ತಾಯಿಸುವವರಿದ್ದಾರೆ. ಸ್ವಯಂಸೇವಕರು ಕಟ್ಟಿದ ಪೀಕ್ ರೈಲ್ ಸಂಸ್ಥೆ ಮ್ಯಾಟ್‌ಲಾಕ್‌ನಿಂದ ರೋಸ್ಲಿಯ ಕಡೆಗೆ ಸುಮಾರು ನಾಲ್ಕು ಮೈಲಿ ಹಳಿ ಹಾಕಿ ಉಗಿ ಎಂಜಿನ್‌ಗಳನ್ನು ಓಡಿಸುತ್ತದೆ. ಅಲ್ಲಿಂದ ಮುಂದಕ್ಕೆ ಬರಬೇಕಾದರೆ ಅದೇ ಸುರಂಗಗಳೂ ಸೇತುವೆಗಳೂ ಬೇಕು, ಅಂದರೆ ಇವತ್ತು ಅಲ್ಲಿ ನಡೆಯುವವರಿಗೆ ಬೇರೆ ದಾರಿ ತೋರಿಸಬೇಕು. ಉತ್ತರದ ಕವಲು ಮಾತ್ರ ಎಂದೂ ಪೂರ್ತಿಯಾಗಿ ಸಾಯಲಿಲ್ಲ. ಮಿಲ್ಲರ್ಸ್ ಡೇಲ್‌ನಿಂದ ಕೆಲವೇ ಮೈಲಿ ದೂರದ ಟನ್‌ಸ್ಟೆಡ್ ಗಣಿಯಿಂದ ಸುಣ್ಣಕಲ್ಲು ತುಂಬಿದ ಗೂಡ್ಸ್ ಗಾಡಿಗಳು 1867ರ ಆ ಹಳಿಯ ದಾರಿಯಲ್ಲೇ ಡವ್ ಹೋಲ್ಸ್ ಸುರಂಗವನ್ನು ಹೊಕ್ಕು ಮ್ಯಾಂಚೆಸ್ಟರ್ ಕಡೆಗೆ ಇಳಿಯುತ್ತವೆ.